ಬರ್ಫದ ಸಮುದ್ರದಿಂದ ಬಂದ ಅಣ್ಣ

ಫಕ್ಕೀರವ್ವನ ದನಿ ಹೇಗಿದೆ ಎಂದು ಹಮ್ಮಿಗಿಯ ಓಣಿಯಲ್ಲಿ ಕೇಳಿದರೆ ಹೇಳುವವರು ಕಡಿಮೆ. ಎದುರಿಗೆ ಯಾರಾದರೂ ಬಂದರೆ ಸೆರಗಿನ ಚುಂಗು ಹಲ್ಲಲ್ಲಿ ಕಚ್ಚಿಕೊಂಡು ಗೋಡೆಗೆ ಸರಿದು ನಿಲ್ಲುವ ಹುಡುಗಿ ಅವಳು. ಆದರೆ ಮಳೆಗಾಲದಲ್ಲಿ, ಹೊಳೆಯ ದಂಡೆಯ ಎತ್ತರದ ಕಲ್ಲಿನ ಮೇಲೆ ನಿಂತು "ಬಿಡಪ್ಪೋ..." ಎಂದು ಕೂಗಿದಳೆಂದರೆ, ಆ ಕೂಗು ತುಂಗಭದ್ರೆಯನ್ನು ದಾಟಿ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರ ಕಿವಿಗೂ ಬೀಳುತ್ತಿತ್ತು. ಈ ದಂಡೆ ಮುಂಬಯಿ ಸೀಮೆ, ಆ ದಂಡೆ ಮದ್ರಾಸ್ ಸೀಮೆ. ಎರಡು ಸೀಮೆಗೆ ಕೇಳುವಂತೆ ಕೂಗುತ್ತಿದ್ದ ಹುಡುಗಿ ಕಲ್ಲಿನಿಂದ ಇಳಿದ ಕೂಡಲೆ ಮತ್ತೆ ಮೂಕಿಯಾಗುತ್ತಿದ್ದಳು.

ಅವಳ ಅಪ್ಪ ತಿರಕಪ್ಪ ಅಂಬಿಗ. ಅವನ ಹರಗೋಲು ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ಬುಟ್ಟಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಬೇಸಿಗೆಯಲ್ಲಿ ಅದನ್ನು ಯಾರು ಬೇಕಾದರೂ ದಾಟಿಸಬಹುದು. ಆದರೆ ಹೊಳೆ ತುಂಬಿ ಬಂದಾಗ ಮೇಲಿನ ಸೀಮೆಯ ಕಾಡಿನಿಂದ ಗಿಡಮರಗಳು ಬುಡಸಮೇತ ಕಿತ್ತು ಬರುತ್ತವೆ. ಒಂದು ದಿಮ್ಮಿ ಪಕ್ಕೆಗೆ ಬಡಿಯಿತೆಂದರೆ ಹರಗೋಲು ಹಪ್ಪಳ. ಹರಗೋಲು ಹತ್ತುವ ಕಟ್ಟೆಯ ಹತ್ತಿರ ನಿಂತವರಿಗೆ ಹೊಳೆಯ ತಿರುವು ಕಾಣುವುದಿಲ್ಲ. ಹುಟ್ಟು ಹಾಕುವವನಿಗೆ ತಲೆ ಎತ್ತಿ ನೋಡಲು ಪುರಸೊತ್ತಿಲ್ಲ. ತಿರುವಿನಾಚೆಯವರೆಗೆ ಕಾಣುವುದು ಆ ಕಲ್ಲಿನ ಮೇಲಿಂದ ಮಾತ್ರ. ಅಲ್ಲಿ ನಿಂತವರು ಬಿಡು ಎಂದರೆ ಬಿಡಬೇಕು, ತಡಿ ಎಂದರೆ ತಡೆಯಬೇಕು.

ಮೊದಲು ಆ ಕಲ್ಲಿನ ಮೇಲೆ ನಿಲ್ಲುತ್ತಿದ್ದವನು ಅವಳ ಅಣ್ಣ ಗವಿಸಿದ್ದಪ್ಪ. ಅವನು ಒಂದು ದಿನ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಮುಂಬಯಿಗೆ ಓಡಿಹೋದ. ಎರಡನೇ ಇಯತ್ತೆಯಲ್ಲಿದ್ದ ಫಕ್ಕೀರವ್ವನನ್ನು ಅಪ್ಪ ಶಾಲೆ ಬಿಡಿಸಿ ಕಲ್ಲಿನ ಮೇಲೆ ನಿಲ್ಲಿಸಿದ. "ಇನ್ನ ಮ್ಯಾಲೆ ನೀನ ನನ್ನ ಕಣ್ಣವಾ" ಎಂದ. ಪಾಟಿ ಹೋಯಿತು, ಓದು ಹೋಯಿತು. ಅದಕ್ಕೆ ಅವಳು ಅಳಲಿಲ್ಲ. ಅಪ್ಪ ಇನ್ಯಾರಿಗೂ ಅಂಥ ಮಾತು ಹೇಳಿದ್ದನ್ನು ಅವಳು ಕೇಳಿರಲಿಲ್ಲ.

ಏಳು ವರ್ಷ ಅವಳು ನಿಂತಳು. ಏಳು ಮಳೆಗಾಲದಲ್ಲಿ ಅಪ್ಪನ ಹರಗೋಲಿಗೆ ಒಂದು ಕಡ್ಡಿಯೂ ತಾಗಲಿಲ್ಲ.

ಎಂಟನೇ ಮಳೆಗಾಲ ಶುರುವಾಗುವ ಹೊತ್ತಿಗೆ ಅಣ್ಣ ಬಂದ. ಗದಗಿನಲ್ಲಿ ರೈಲು ಇಳಿದು, ಮುಂಡರಗಿಯವರೆಗೆ ಮೋಟಾರಿನಲ್ಲಿ ಬಂದು, ಅಲ್ಲಿಂದ ತಗಡಿನ ಟ್ರಂಕು ತಲೆಯ ಮೇಲೆ ಹೊತ್ತು ನಡೆದುಬಂದಿದ್ದ. ಆಷಾಢದ ಗಾಳಿಯಲ್ಲೂ ಬೆವರುತ್ತ ಒಂದು ದಪ್ಪ ನೀಲಿ ಕೋಟು ಹಾಕಿಕೊಂಡಿದ್ದ. ಕೊರಳಲ್ಲಿ ಹಿತ್ತಾಳೆಯ ಸೀಟಿ ಜೋತಾಡುತ್ತಿತ್ತು. ಎಡಗಾಲಿನ ಎರಡು ಬೆರಳು ಇರಲಿಲ್ಲ, ಥಂಡಿಗೆ ಸತ್ತು ಉದುರಿದವಂತೆ. ಅವ್ವ ಕರೆವ್ವ ಆ ಕಾಲು ಹಿಡಿದುಕೊಂಡು ಅತ್ತಳು, ಆಮೇಲೆ ಎದ್ದು ಹೂರಣಕ್ಕೆ ಬೇಳೆ ಇಟ್ಟಳು. ಅಪ್ಪ ಬಾಗಿಲಲ್ಲಿ ನಿಂತು ಹಾಗೇ ನೋಡಿದ. ಮಗನನ್ನು ಬೈಯಲು ಏಳು ವರ್ಷದಿಂದ ಕೂಡಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ, "ಊಟ ಆತೇನ್ಪಾ?" ಎಂದ ಅಷ್ಟೆ.

ಅವತ್ತು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಜನ ನೆರೆಯಿತು. ಗವಿಸಿದ್ದಪ್ಪ ಲಡಾಯಿಯ ಕಾಲದಲ್ಲಿ ಸರಕಿನ ಹಡಗಿನಲ್ಲಿ ಖಲಾಸಿಯಾಗಿದ್ದನಂತೆ. ಉತ್ತರದ ಬರ್ಫದ, ಎಂದರೆ ಮಂಜುಗಡ್ಡೆಯ, ಸಮುದ್ರದಲ್ಲಿ ಹಾದು ರಶಿಯಾಕ್ಕೆ ಸಾಮಾನು ಒಯ್ಯುವ ಹಡಗು.

"ಬರ್ಫ ಅಂದ್ರ ನಮಗ ಗೊತ್ತಿಲ್ಲೇನಲೇ?" ಎಂದು ಸನಾದಿ ಊದುವ ಮರ್ದಾನಸಾಬ ಮಾತು ತೆಗೆದ. ಊರಿನ ಭಜನಿ ಮೇಳಕ್ಕೆ ಅವನ ಸನಾದಿ ಇಲ್ಲದೆ ನಡೆಯುತ್ತಿರಲಿಲ್ಲ. "ಗದಗಿನ ಸೋಡಾ ಅಂಗಡ್ಯಾಗ ಕಟಗಿ ಹೊಟ್ಟಿನಾಗ ಮುಚ್ಚಿ ಇಟ್ಟಿರತಾರ. ಒಂದ ಸಲ ಶರಬತ್ತಿನಾಗ ಹಾಕಿಸ್ಕೊಂಡು ಕುಡದು ಎಂಟ ದಿನ ನನ್ನ ಗಂಟಲಾ ಕಟ್ಟಿತ್ತು. ನನ್ನ ಹೇಂತಿ ಅಲ್ಲಾನ್ನ ನೆನಸಿ ಖುಷಿಪಟ್ಲು."

"ಚಾಚಾ, ಆ ಬರ್ಫ ಶರಬತ್ತಿಂದಲ್ಲ. ನಮ್ಮ ಕಪ್ಪತಗುಡ್ಡದ ಒಂದು ತುಂಡ ಮುರದು ನೀರಾಗ ಬಿಟ್ಟಂಗ ಇರತೈತಿ."

"ಗುಡ್ಡ ತೇಲತೈತಿ?"

"ತೇಲತೈತಿ. ನಮಗ ಕಾಣೋದು ಒಂದು ಪಾಲು. ನೀರಿನ ಬುಡಕ ಏಳೆಂಟು ಪಾಲು."

"ಮತ್ತ ಆ ಗುಡ್ಡಕ್ಕ ಬಡದ್ರ ಹೆಂಗಪಾ?" ಎಂದು ಕೇಳಿದವನು ತಿರಕಪ್ಪ. ಅಪ್ಪ ಯಾರನ್ನಾದರೂ ಏನನ್ನಾದರೂ ಹೀಗೆ ಬಾಯಿಬಿಟ್ಟು ಕೇಳಿದ್ದು ಒಳಗೆ ರೊಟ್ಟಿ ಬಡಿಯುತ್ತಿದ್ದ ಫಕ್ಕೀರವ್ವನಿಗೆ ಹೊಸದು. ಅವಳ ಕೈ ನಿಂತಿತು.

"ಗುಡ್ಡಕ್ಕ ಅಂಜಬಾರದಪ್ಪಾ. ಅದು ದೂರದಿಂದ ಕಾಣತೈತಿ. ಎಮ್ಮಿ ಗಾತ್ರದ್ದು ಇರತಾವಲ್ಲ, ನೀರಿನ ಮಟ್ಟಕ್ಕ ಮೈ ಮುಚ್ಚಿಕೊಂಡು ತೇಲೋವು, ಅವಕ್ಕ ಅಂಜಬೇಕು. ಹಡಗಿನ ಮೂತಿಗಿ ನನ್ನ ನಿಂದ್ರಸ್ತಿದ್ರು. ಲಡಾಯಿ, ದೀಪ ಹಚ್ಚಂಗಿಲ್ಲ. ಗಾಳಿ ಇದ್ರ ಚೊಲೋ, ಬರ್ಫದ ಬುಡಕ್ಕ ತೆರಿ ಬಡದು ಬೆಳ್ಳಗ ನೊರಿ ಏಳತೈತಿ, ಗೊತ್ತಾಗತೈತಿ. ಸಮುದ್ರ ಸುಮ್ಮ ಮಲಗಿದ ದಿನಾನ ಜೀವ ಬಾಯಿಗೆ ಬರತಿತ್ತು."

"ಮತ್ತ ಹೋಗಬೇಕೋ ಬ್ಯಾಡೋ ಅಂತ ಯಾರು ಹೇಳಾವ್ರು?"

"ಕಪ್ತಾನ. ಅವ ಕೇಳೋದು ಇಷ್ಟ. ನಿನಗ ಎಷ್ಟು ದೂರ ಕಾಣತೈತಿ? ನಮ್ಮ ಹಡಗ ನಿಲ್ಲಾಕ ಎಷ್ಟು ದೂರ ಬೇಕು? ಕಾಣೋ ದೂರಕ್ಕಿಂತ ನಿಲ್ಲೋ ದೂರ ಉದ್ದಾತು ಅಂದ್ರ ಬಡೀತು ಅಂತನ ಲೆಕ್ಕ. ಆವಾಗ ಹಡಗ ಮೆಲ್ಲಕ ಮಾಡಬೇಕು. ಇನ್ನೂ ಕಾಣಲಿಲ್ಲಂದ್ರ ನಿಂದ್ರಸಿಬಿಡಬೇಕು."

ಅಪ್ಪ ತನ್ನ ತೊಡೆಯ ಮೇಲೆ ಒಂದು ಸಲ ಮೆಲ್ಲಗೆ ತಟ್ಟಿಕೊಂಡ. ಅದು ಅವನು ಯಾವುದನ್ನಾದರೂ ಮೆಚ್ಚಿದಾಗ ಮಾಡುವ ಕೆಲಸ.

ಫಕ್ಕೀರವ್ವನಿಗೆ ಒಲೆಯ ಬೆಂಕಿ ಮುಖಕ್ಕೆ ಅಲ್ಲ, ಎದೆಗೆ ತಾಗಿದ ಹಾಗಾಯಿತು. ಅಣ್ಣ ಹೇಳಿದ್ದರಲ್ಲಿ ಸುಳ್ಳಿದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಅದೆಲ್ಲ ಖರೆ ಎಂಬುದು ಆ ಕಟ್ಟೆಯ ಮೇಲಿದ್ದವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಟೊಂಗೆ ಎತ್ತಿಕೊಂಡು ಬರುವ ಗಿಡಕ್ಕೆ ಅವಳೂ ಅಂಜಿದವಳಲ್ಲ. ನೀರಿನಷ್ಟೇ ಕೆಂಪಾಗಿ, ಮೈ ಮುಚ್ಚಿಕೊಂಡು ಬರುವ ಬೊಡ್ಡೆಯನ್ನು ಹುಡುಕುವುದೇ ಅವಳ ಕೆಲಸವಾಗಿತ್ತು. ಅದನ್ನು ಹೇಗೆ ನೋಡುತ್ತಿ ಎಂದು ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳಿಗೆ ಹೇಳಲೂ ಬರುತ್ತಿರಲಿಲ್ಲ. ಈಗ ಅವಳದೇ ಕಣ್ಣಿನ ಮಾತನ್ನು ಇವನು ಎಲ್ಲಿಯೋ ಸಮುದ್ರದಿಂದ ಟ್ರಂಕಿನಲ್ಲಿ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಬಿಚ್ಚಿ ಕುಳಿತಿದ್ದ.

"ನಾಳಿಯಿಂದ ಕಲ್ಲಿನ ಮ್ಯಾಲ ನೀ ನಿಂದ್ರಪಾ" ಎಂದ ಅಪ್ಪ.

"ಫಕ್ಕಿ ಚೊಲೋ ನೋಡತಾಳಂತಲ್ಲ?"

"ನೋಡತಾಳ, ನೋಡತಾಳ. ಹೆಣ್ಣಹುಡುಗಿ ಆಗಿ ಚೊಲೋನ ನೋಡತಾಳ."

ಅವ್ವ ಒಳಗಿನಿಂದಲೇ ಸೇರಿಸಿದಳು. "ಬಿಸಲಾಗ ನಿಂತು ನಿಂತು ಕರ್ರಗ ಹಂಚಿನಂಗ ಆಗ್ಯಾಳ. ಇನ್ನರ ನೆಳ್ಳಾಗ ಇರಲಿ. ನಾಳೆ ವರ ನೋಡಾಕ ಬಂದಾವ್ರು ಮುಖಾ ನೋಡತಾರೋ, ಕಣ್ಣಿನ ಹರಿತಾ ನೋಡತಾರೋ?"

ಹೊರಗೆ ಎಲ್ಲರೂ ನಕ್ಕರು. ಹಂಚಿನ ಮೇಲೆ ರೊಟ್ಟಿ ಹೊತ್ತಿತು.

ಮರುದಿನದಿಂದ ಗವಿಸಿದ್ದಪ್ಪ ಕಲ್ಲಿನ ಮೇಲೆ ನಿಂತ. ಅವನು ಕೂಗುತ್ತಿರಲಿಲ್ಲ. ಒಂದು ಸೀಟಿ ಊದಿದರೆ ಬಿಡು, ಎರಡು ಊದಿದರೆ ನಿಲ್ಲಿಸು. ಊರಿಗೆ ಅದೊಂದು ಆಟವಾಯಿತು. ಹರಗೋಲು ದಾಟದ ದಿನವೂ ಹುಡುಗರು ಸೀಟಿ ಕೇಳಲು ದಂಡೆಗೆ ಹೋಗುತ್ತಿದ್ದರು. ಫಕ್ಕೀರವ್ವ ಹರಗೋಲಿನ ಚರ್ಮಕ್ಕೆ ಎಣ್ಣೆ ಹಚ್ಚುವುದು, ಸಗಣಿ ಬಳಿಯುವುದು, ಅಣ್ಣನಿಗೆ ಊಟ ಒಯ್ಯುವುದು ಮಾಡಿದಳು. ಊಟದಲ್ಲಿ ಬೆಣ್ಣೆಯ ಉಂಡೆ ದಿನದಿಂದ ದಿನಕ್ಕೆ ಸಣ್ಣದಾಯಿತು. ಒಂದು ದಿನ ಸೀಟಿಯನ್ನು ಜೋಳದ ಹಿಟ್ಟಿನ ಗಡಿಗೆಯಲ್ಲಿ ಹೂಳಿದಳು, ಮನೆಯೆಲ್ಲ ಹುಡುಕಾಡಿದ ಮೇಲೆ ತಾನೇ ಹೋಗಿ ತೆಗೆದಳು. ಆ ದಿನ ಅಣ್ಣ ಊದಿದಾಗ ಸೀಟಿಯಿಂದ ದನಿಗಿಂತ ಮೊದಲು ಹಿಟ್ಟು ಹಾರಿತು. ಅವನು ನಕ್ಕ. ಅವನು ನಕ್ಕಿದ್ದೂ ಅವಳಿಗೆ ಸೇರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಕೆಲಸ ಮುಗಿದ ಮೇಲೆ ಅವಳು ದಂಡೆಯ ದಿಬ್ಬದ ಬನ್ನಿ ಗಿಡದ ಹಿಂದೆ ನಿಂತು ಅಣ್ಣ ತಪ್ಪುವುದನ್ನು ಕಾಯುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ, ಅವನ ಕಣ್ಣು ತಪ್ಪಿಸಿ ಒಂದು ಬೊಡ್ಡೆ ಬರಲಿ. ಬಡಿಯುವುದು ಬೇಡ, ಸವರಿಕೊಂಡು ಹೋದರೆ ಸಾಕು. ಹಾಗೆ ಬಯಸಿದ ಮರುಗಳಿಗೆಗೆ ಹರಗೋಲಿನಲ್ಲಿ ಕುಳಿತ ಅಪ್ಪನ ಬೋಳು ತಲೆ ಕಣ್ಣಿಗೆ ಬಿದ್ದು, ಗಂಗವ್ವಾ, ನನ್ನ ಮಾತು ಕೇಳಬ್ಯಾಡ ಎಂದು ಹೊಳೆಗೆ ಕೈಮುಗಿಯುತ್ತಿದ್ದಳು. ಮಾರನೆ ದಿನ ಮತ್ತೆ ಅದೇ ಬಯಕೆ. ಆದರೆ ಗವಿಸಿದ್ದಪ್ಪ ತಪ್ಪಲಿಲ್ಲ. ಅವನ ಕಣ್ಣು ಅವಳದಷ್ಟೇ ಹರಿತವಾಗಿತ್ತು.

ತಪ್ಪು ಅವನ ಕಣ್ಣಿನಲ್ಲಿ ಇರಲಿಲ್ಲ. ಅದು ಅವಳಿಗೆ ತಿಳಿದದ್ದು ಶ್ರಾವಣ ಇನ್ನೇನು ಬಂತು ಎನ್ನುವಾಗ.

ಹೊಳೆಯ ನಡುವೆ ಒಂದು ಸಣ್ಣ ನಡುಗಡ್ಡೆಯಿತ್ತು. ನೀರು ಏರಿದಾಗ ಮಣ್ಣು ಮುಳುಗಿ ಒಂದು ಹಳೆಯ ಜಾಲಿ ಗಿಡದ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಅಣ್ಣ ಅಪ್ಪನಿಗೆ ಹೊಸದೊಂದು ಪಾಠ ಹೇಳಿದ್ದ. ನಡು ಹೊಳೆಯಲ್ಲಿದ್ದಾಗ ಎರಡು ಸೀಟಿ ಕೇಳಿದರೆ ಆ ಜಾಲಿಗೆ ಹಗ್ಗ ಹಾಕಿ ಹರಗೋಲು ನಿಲ್ಲಿಸಬೇಕು, ಬರುವ ದಿಮ್ಮಿ ದಾಟಿ ಹೋದ ಮೇಲೆ ಬಿಡಬೇಕು. ಎರಡು ಮೂರು ಸಲ ಹಾಗೆ ಮಾಡಿಯೂ ಆಗಿತ್ತು. ಆಗ ಹೊಳೆ ಅರ್ಧ ಮಾತ್ರ ತುಂಬಿತ್ತು, ದಿಮ್ಮಿಗಳು ಆಚೆಯ ಕವಲಿನಲ್ಲಿ ಹಾದುಹೋದವು. ಅಪ್ಪ ದಂಡೆಗೆ ಬಂದು "ಭಾಳ ಚೊಲೋ ಹಿಕಮತ್ತಪಾ" ಎಂದು ಹೊಗಳಿದ.

ಫಕ್ಕೀರವ್ವ ಆ ಜಾಲಿಯನ್ನು ಏಳು ವರ್ಷ ನೋಡಿದವಳು. ಹೊಳೆ ಇಳಿದಾಗಲೆಲ್ಲ ಅದರ ಮೈತುಂಬ ಹುಲ್ಲು, ಬೇರು, ಹರಕು ಕೌದಿ, ಸತ್ತ ಕರು ಸಿಕ್ಕಿಕೊಂಡಿರುತ್ತಿದ್ದವು. ತುಂಬು ಹೊಳೆಯಲ್ಲಿ ತೇಲಿ ಬಂದದ್ದೆಲ್ಲ ನಿಂತದ್ದಕ್ಕೇ ಬಂದು ಬಡಿಯುತ್ತದೆ. ನೀರಿನೊಡನೆ ಸಾಗುವ ಹರಗೋಲಿನ ಪಕ್ಕದಲ್ಲಿ ಎಷ್ಟು ದೊಡ್ಡ ದಿಮ್ಮಿ ಬಂದರೂ ಎರಡೂ ಒಂದು ನೊಗದ ಎತ್ತಿನ ಹಾಗೆ ಜೊತೆಜೊತೆಗೆ ಹೋಗುತ್ತವೆ, ಒಂದನ್ನೊಂದು ಇರಿಯುವುದಿಲ್ಲ. ಅದಕ್ಕೇ ಅವಳು ದಂಡೆ ಬಿಡುವ ಮೊದಲು ಬೇಕಾದಷ್ಟು ತಡೆಯುತ್ತಿದ್ದಳು, ಬಿಟ್ಟ ಮೇಲೆ ಎಂದೂ ತಡಿ ಎಂದು ಕೂಗಿದವಳಲ್ಲ. ಅಣ್ಣನ ಸಮುದ್ರದಲ್ಲಿ ಹಡಗು ನಡೆಯುತ್ತದೆ, ಬರ್ಫ ತೇಲಿದರೂ ಇದ್ದಲ್ಲೇ ಇರುತ್ತದೆ. ಅಲ್ಲಿ ನಿಂತವನು ಉಳಿಯುತ್ತಾನೆ. ಇಲ್ಲಿ?

ಅವಳು ಇದನ್ನೇ ಯೋಚಿಸುತ್ತ ಹರಗೋಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅಣ್ಣ ಬಂದು ಪಕ್ಕದಲ್ಲಿ ಕುಳಿತ. ತಾನೂ ಒಂದು ಅರಿವೆ ತೆಗೆದುಕೊಂಡು ತಿಕ್ಕತೊಡಗಿದ.

"ಫಕ್ಕಿ, ಇಷ್ಟು ವರ್ಷ ನೀ ಹೆಂಗ ನೋಡತಿದ್ದೆ? ಒಂದಿಷ್ಟು ಹೇಳಲಾ."

ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ? ಸಂಜೆ ಕಟ್ಟೆಯ ಮೇಲೆ ಅದೂ ಅವನ ಮಾತಾಗುತ್ತದೆ. ಅಪ್ಪ ಮತ್ತೆ ತೊಡೆ ತಟ್ಟಿಕೊಳ್ಳುತ್ತಾನೆ. ಅವಳ ಬಳಿ ಉಳಿದದ್ದು ಅದೊಂದೇ.

"ಏನಿಲ್ಲ. ಸುಮ್ಮ ನಿಂತು ನೋಡತಿದ್ದೆ" ಎಂದಳು.

"ಹೇಳಂಗಿಲ್ಲ ಅನ್ನು. ನೀ ಆ ಕಪ್ತಾನಗಿಂತ ಬಿಗಿ ಇದ್ದಿ ಬಿಡು" ಎಂದು ಅವನು ಎದ್ದುಹೋದ.

ಮುಂದಿನ ವಾರ ದೇಶಕ್ಕೆ ಸ್ವಾತಂತ್ರ್ಯ ಬಂತು. ಅದೇ ವಾರ ಹೊಳೆಯೂ ಬಂತು. ಆಗಸ್ಟ್ ಹದಿನೈದರ ಬೆಳಿಗ್ಗೆ ಹಮ್ಮಿಗಿಯ ಶಾಲೆಯ ಮುಂದೆ ಬಾವುಟ ಏರಿಸಿ, ಬೆಲ್ಲ ಹಂಚಿ ಆಗಿತ್ತು. ಸಂಜೆ ಆಚೆ ದಂಡೆಯ ಊರಿನವರ ಬಾವುಟದ ಮುಂದೆ ಭಜನೆ ಮಾಡುತ್ತೇವೆಂದು ಮೇಳದವರು ಮಾತು ಕೊಟ್ಟಿದ್ದರು. ಮೇಳದ ಯಜಮಾನ ಕಿರಾಣಿ ಅಂಗಡಿಯ ನಿಜಲಿಂಗಪ್ಪ. ಅವನು ಹೊಸ ಧೋತರ ಉಟ್ಟು, ತಾಳ ಹಿಡಿದುಕೊಂಡು ದಂಡೆಗೆ ಬಂದಾಗ ಹೊಳೆ ದಂಡೆಯಿಂದ ದಂಡೆಗೆ ಕೆಂಪಗೆ ಉಬ್ಬಿತ್ತು.

"ಇವತ್ತ ಬ್ಯಾಡ್ರಿ ಧಣ್ಯಾರ" ಎಂದ ತಿರಕಪ್ಪ. "ನೀರು ಭಾಳ ಐತ್ರಿ. ನಾಡದ ಹೋಗಬಹುದು."

"ನಾಡದ ಹೋಗಿ ಏನ ತಿಥಿ ಮಾಡಬೇಕೇನು? ಇಂಗ್ರೇಜ್ಯಾಂವ ಹೋಗಿದ್ದು ಇವತ್ತ. ಆ ದಂಡ್ಯಾಗೂ ನಮ್ಮ ಮಾತ ಆಡತಾರ, ನಮ್ಮ ಬೀಗರ ಅದಾರ. ಸೀಮಿ ಬ್ಯಾರೆ ಮಾಡಿಟ್ಟಾವ ಹೋದ. ಇನ್ನ ಎರಡೂ ದಂಡಿ ಒಂದ ಆಗಬೇಕು ಅಂತ ಮನ್ನಿ ನೀನ ಅಂದಿದ್ದಿ."

"ನಾ ಅಂದದ್ದು ಖರೆರಿ. ನನ್ನ ಮಾತು ಹೊಳಿ ಕೇಳಬೇಕಲ್ರಿ."

ಹಿಂದೆಲ್ಲ ಇಂಥ ಮಾತು ಬಂದಾಗ ಅಪ್ಪ ಕತ್ತು ತಿರುಗಿಸಿ ಅವಳ ಮುಖ ನೋಡುತ್ತಿದ್ದ. ಹೆಂಗಸರ ಗುಂಪಿನಲ್ಲಿ ನಿಂತಿದ್ದ ಫಕ್ಕೀರವ್ವ ಅಭ್ಯಾಸದಂತೆ ತಲೆ ಎತ್ತಿದಳು. ಅಪ್ಪ ಮಗನ ಕಡೆ ತಿರುಗಿದ.

ಗವಿಸಿದ್ದಪ್ಪ ಅವಸರ ಮಾಡಲಿಲ್ಲ. ಸಗಣಿಯ ಒಂದು ಒಣ ಕುಳ್ಳು ತಂದು ಹೊಳೆಗೆ ಎಸೆದು ಅದು ಎಷ್ಟು ಬೇಗ ಸಾಗುತ್ತದೆಂದು ನೋಡಿದ. ಕಲ್ಲಿನ ಮೇಲೆ ಹತ್ತಿ ತಿರುವಿನವರೆಗೂ ಕಣ್ಣು ಹಾಯಿಸಿ, ಬಹಳ ಹೊತ್ತು ನಿಂತು, ಇಳಿದು ಬಂದ.

"ತಿರುವಿನಿಂದ ಬರೋದು ಕಾಣತೈತಿ. ಅಲ್ಲಿಂದ ಬರೂತನಕ ಜಾಲಿಗೆ ಹಗ್ಗ ಹಾಕಿ ನಿಲ್ಲಾಕ ವ್ಯಾಳ್ಯಾ ಸಾಕು. ಹೋಗಬಹುದಪ್ಪಾ" ಎಂದ.

ಫಕ್ಕೀರವ್ವ ಜಾಲಿಯ ಕಡೆ ನೋಡಿದಳು. ಹೇಳಬೇಕು ಅನ್ನಿಸಿತು. ಇಷ್ಟು ಜನ, ಅದರಲ್ಲೂ ಗಂಡಸರು, ಧಣಿ. ಇವತ್ತು ಯಾರೂ ಅವಳನ್ನು ಕೇಳಿರಲಿಲ್ಲ. ಕೇಳದವರಿಗೆ ನಾನ್ಯಾಕೆ ಹೇಳಲಿ ಎಂಬ ಮಾತು ಒಳಗಿನಿಂದ ಎದ್ದು ಅಂಜಿಕೆಯ ಪಕ್ಕದಲ್ಲಿ ಕುಳಿತುಕೊಂಡಿತು. ದಿಮ್ಮಿ ಬರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಅವ್ವ ಹರಗೋಲಿಗೆ ಕುಂಕುಮ ಹಚ್ಚಿ, ಎಲೆ ಅಡಿಕೆ ನೀರಿಗೆ ಬಿಟ್ಟಳು. ಮೇಳದವರು ಕೆರವು ಬಿಚ್ಚಿ ಕೈಯಲ್ಲಿ ಹಿಡಿದು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದರು. ಮರ್ದಾನಸಾಬ ಸನಾದಿಗೆ ತನ್ನ ರುಮಾಲು ಬಿಚ್ಚಿ ಸುತ್ತಿದ್ದ. "ನಾ ಮುಣಗಿದ್ರ ಚಿಂತಿಲ್ಲ, ಇದಕ್ಕ ಥಂಡಿ ಆಗಬಾರದು ನೋಡ್ರಿ" ಎಂದ. ನಿಜಲಿಂಗಪ್ಪ "ಮೊದಲ ನೀ ನಡುವ ಕುಂಡ್ರು ಮಾರಾಯಾ, ವಜ್ಜಾ ಆಸಾಮಿ" ಎಂದು ಬೈದ. ನಾಲ್ಕಾರು ಆಳು ಹರಗೋಲನ್ನು ದಂಡೆಗುಂಟ ಮೇಲಕ್ಕೆ ಜಗ್ಗಿ ಒಯ್ದರು. ಅಲ್ಲಿಂದ ಬಿಟ್ಟರೆ ನೀರು ತಳ್ಳಿಕೊಂಡು ಹೋಗಿ ಆಚೆ ಕಟ್ಟೆಗೆ ಸರಿಯಾಗಿ ಮುಟ್ಟಿಸಬೇಕು.

ಒಂದು ಸೀಟಿ ಕೇಳಿತು. ಹರಗೋಲು ದಂಡೆ ಬಿಟ್ಟಿತು. ಸುತ್ತುತ್ತ, ಏರುತ್ತ, ಇಳಿಯುತ್ತ ನಡು ಹೊಳೆಗೆ ಬಂತು. ಒಳಗಿನಿಂದ ತಾಳದ ಸದ್ದೂ ಬಂತು. ಹೆಂಗಸರು ನಕ್ಕರು. ಫಕ್ಕೀರವ್ವ ಅವರನ್ನು ಬಿಟ್ಟು ಬನ್ನಿ ಗಿಡದ ದಿಬ್ಬಕ್ಕೆ ಸರಿದಿದ್ದಳು, ಅಲ್ಲಿಂದ ತಿರುವು ಒಂದಿಷ್ಟು ಕಾಣುತ್ತಿತ್ತು.

ಆಗ ತಿರುವಿನಲ್ಲಿ ಒಂದು ದೊಡ್ಡ ಗಿಡ ಟೊಂಗೆ ಎತ್ತಿಕೊಂಡು ಕಾಣಿಸಿತು. ಅದರ ಹಿಂದೆಯೇ, ನೀರಿನ ಬಣ್ಣಕ್ಕೆ ಬಣ್ಣ ಕೂಡಿ, ಉದ್ದಕ್ಕೆ ಮಲಗಿದ ಒಂದು ಬೊಡ್ಡೆ. ಅದನ್ನು ದಂಡೆಯಲ್ಲಿ ನೋಡಿದವರು ಇಬ್ಬರೇ. ಅಣ್ಣನೂ ನೋಡಿದ ಎಂಬುದು ಅವಳಿಗೆ ಅವನ ಬೆನ್ನು ಸೆಟೆದದ್ದರಲ್ಲಿ ಗೊತ್ತಾಯಿತು.

ಎರಡು ಸೀಟಿ.

ತಿರಕಪ್ಪ ತಡಮಾಡದೆ ಜಾಲಿಗೆ ಹಗ್ಗ ಎಸೆದ. ಹಗ್ಗ ಸಿಕ್ಕಿತು. ಹರಗೋಲು ಜಗ್ಗಿ ನಿಂತಿತು. ನಿಂತ ಕೂಡಲೆ ಅದರ ಮೇಲುಬದಿಗೆ ನೀರು ಗೋಡೆಯ ಹಾಗೆ ಏರಿತು, ತಾಳ ನಿಂತಿತು. ಹರಗೋಲಿಗೆ ಬಂದು ತಾಗಿದ ಹುಲ್ಲು, ಬುರುಗು, ಕುಂಬಳದ ಬಳ್ಳಿ ಅಲ್ಲೇ ಅಂಟಿ ಗುಡ್ಡೆಯಾದವು. ಗಿಡ ಆಚೆಯ ಕವಲಿಗೆ ಹೊರಳಿತು. ಬೊಡ್ಡೆ ಹೊರಳಲಿಲ್ಲ. ಹುಲ್ಲು ಬಂದ ದಾರಿಯಲ್ಲೇ ನೆಟ್ಟಗೆ ಬಂತು.

ಕಲ್ಲಿನ ಮೇಲೆ ಗವಿಸಿದ್ದಪ್ಪ ಸೀಟಿ ಬಾಯಲ್ಲಿಟ್ಟುಕೊಂಡು ನಿಂತೇ ಇದ್ದ. ನಿಲ್ಲಿಸಿ ಆಗಿತ್ತು. ನಿಲ್ಲಿಸಿದ ಮೇಲೆ ಏನು ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ.

ಫಕ್ಕೀರವ್ವ ಓಡಿದಳು. ಸೆರಗು ಬಿದ್ದದ್ದು ಗೊತ್ತಾಗಲಿಲ್ಲ. ಕಲ್ಲಿನವರೆಗೆ ಹೋಗಲು ಹೊತ್ತಿರಲಿಲ್ಲ, ಮೊಳಕಾಲು ನೀರಿನಲ್ಲಿ ನಿಂತು, ಎಲ್ಲರ ಕಣ್ಣೆದುರಿಗೆ, ಹೊಟ್ಟೆಯೊಳಗಿನ ಗಾಳಿಯೆಲ್ಲ ಕೂಡಿಸಿ ಕೂಗಿದಳು.

"ಬಿಡಪ್ಪೋ! ಹಗ್ಗಾ ಬಿಡಪ್ಪೋ!"

ಅಪ್ಪ ತಿರುಗಿ ನೋಡಲಿಲ್ಲ, ಯೋಚಿಸಲೂ ಇಲ್ಲ. ಏಳು ವರ್ಷ ಆ ದನಿಗೆ ನಡೆದ ಕೈ ತಾನಾಗಿಯೇ ಹಗ್ಗ ಬಿಟ್ಟಿತು. ಹರಗೋಲು ಬುಗುರಿಯಂತೆ ಒಂದು ಸುತ್ತು ಹಾಕಿ ನೀರಿನೊಡನೆ ಹೊರಟಿತು. ಬೊಡ್ಡೆಯ ಒಂದು ತುದಿ ಬಂದು ಜಾಲಿಗೆ ಬಡಿಯಿತು. ಗುಂಡು ಹಾರಿದಂಥ ಸದ್ದಾಗಿ, ಅವಳು ಕಂಡ ಏಳು ಮಳೆಗಾಲವನ್ನೂ ತಡೆದುಕೊಂಡಿದ್ದ ಆ ಗಿಡ ನಡು ಮುರಿದು ನೀರಿಗೆ ಬಿತ್ತು. ಬೊಡ್ಡೆ ಅದನ್ನು ದಾಟಿ ಬಂದು ಹರಗೋಲಿನ ಪಕ್ಕಕ್ಕೆ ಕೂಡಿತು. ದಂಡೆಯಲ್ಲಿ ಅವ್ವ ಚೀರಿದಳು. ಆದರೆ ಬೊಡ್ಡೆ ಬಡಿಯಲಿಲ್ಲ. ಎರಡೂ ಪಕ್ಕಪಕ್ಕದಲ್ಲಿ, ಜಾತ್ರೆಗೆ ಹೊರಟ ಗೆಳತಿಯರ ಹಾಗೆ, ಆಚೆ ಊರಿನ ಕಟ್ಟೆಯನ್ನೂ ದಾಟಿ ಕೆಳಗೆ ಕೆಳಗೆ ಹೋದವು. ತಿರಕಪ್ಪ ಮೆಲ್ಲಗೆ ಹುಟ್ಟು ಹಾಕುತ್ತ ಹಾಕುತ್ತ ಅದರಿಂದ ಸರಿದು, ಬಹಳ ದೂರದಲ್ಲಿ ಯಾರದೋ ಸಜ್ಜೆಯ ಹೊಲಕ್ಕೆ ಹರಗೋಲು ಹಚ್ಚಿದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಸನಾದಿ ಕೇಳಿಸಿತು. ಎಲ್ಲ ಕ್ಷೇಮ ಎಂದು ಮರ್ದಾನಸಾಬ ಊದಿ ತಿಳಿಸಿದ್ದ.

ಗವಿಸಿದ್ದಪ್ಪ ಕಲ್ಲಿನಿಂದ ಇಳಿದು ಬಂದು ಕೆಸರಿನಲ್ಲೇ ಕುಳಿತ.

"ಅಲ್ಲಿ ಬರ್ಫ ನಿಂತಿರತೈತಿ" ಎಂದ, ಯಾರಿಗೋ ಹೇಳುವ ಹಾಗೆ. "ಇಲ್ಲಿ ನಾವು ನಿಂತ್ವಿ." ಆಮೇಲೆ ತಂಗಿಯ ಮುಖ ನೋಡಿದ. "ನಿನಗ ಮೊದಲ ಗೊತ್ತಿತ್ತಾ?"

ಅವಳು ಹೌದೆಂದು ತಲೆ ಆಡಿಸಿದಳು.

"ಮತ್ಯಾಕ ಹೇಳಲಿಲ್ಲ? ನಾ ಕೇಳಿದ್ನಲ್ಲ!"

"ಕಲ್ಲು ತಗೊಂಡ ಮ್ಯಾಲೆ ಕೇಳಿದಿ" ಎಂದಳು ಫಕ್ಕೀರವ್ವ. ಹೇಳಿದ ಮೇಲೆ ಅವನ ಪಕ್ಕದಲ್ಲೇ ಕುಳಿತುಬಿಟ್ಟಳು. ಅಪ್ಪ ಸತ್ತಿದ್ದರೆ ಎಂಬುದು ಈಗ ಅವಳ ಮೈಗೆ ಹತ್ತಿತ್ತು. ಅವಳು ಅತ್ತು ಮುಗಿಸುವವರೆಗೆ ಅಣ್ಣ ನೀಲಿ ಕೋಟಿನ ತೋಳನ್ನು ಅವಳ ಕಡೆ ಚಾಚಿ ಕುಳಿತಿದ್ದ. ಅವಳು ಅದರಲ್ಲಿ ಮೂಗು ಒರೆಸಿಕೊಂಡಳು.

ಹೊಳೆ ಇಳಿಯುವವರೆಗೆ ಅಪ್ಪನೂ ಮೇಳದವರೂ ಆಚೆಯಲ್ಲೇ ಉಳಿದರು. ಈ ಕಡೆ ಪ್ರತಿ ಸಂಜೆ ಕಟ್ಟೆಯ ಮೇಲೆ ಗವಿಸಿದ್ದಪ್ಪ ಅವತ್ತಿನ ಕಥೆ ಹೇಳಿದ. ತನ್ನ ತಪ್ಪನ್ನು ಮುಚ್ಚಲಿಲ್ಲ. ತಂಗಿಯನ್ನು ಹೊಗಳಿದ. ಬೊಡ್ಡೆ ಹೇಗೆ ಬಂತು, ಜಾಲಿ ಹೇಗೆ ಮುರಿಯಿತು, ತಂಗಿ ಹೇಗೆ ಕೂಗಿದಳು ಎಂಬುದನ್ನು ಎಂಥ ಚೆಂದ ಹೇಳುತ್ತಿದ್ದನೆಂದರೆ, ಬಾಗಿಲ ಹಿಂದೆ ನಿಂತ ಫಕ್ಕೀರವ್ವನಿಗೇ ಮೈ ಜುಮ್ಮೆನ್ನುತ್ತಿತ್ತು. ಕೇಳುವವರು ಅಣ್ಣನ ಮುಖವನ್ನೇ ನೋಡುತ್ತಿದ್ದರು. ಕೂಗಿದವಳು ಅವಳು, ಕಥೆ ಅವನದು. ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಮತ್ತೆ ಮಗ್ಗಲು ಬದಲಿಸಿತು. ಇದು ಹೋಗುವುದಿಲ್ಲವೇನೋ ಎಂದುಕೊಂಡು ಅವಳು ಅಣ್ಣನ ತಾಟಿಗೆ ಬೆಣ್ಣೆ ಹಾಕಿದಳು. ಉಂಡೆ ದೊಡ್ಡದೇ ಆಯಿತು. ಅರ್ಧ ತೆಗೆದಳು.

ಅಪ್ಪ ಮನೆಗೆ ಬಂದ ರಾತ್ರಿ ಊಟಕ್ಕೆ ಕುಳಿತ. ರೊಟ್ಟಿ ಮುಗಿಸಿ ಇಬ್ಬರನ್ನೂ ನೋಡಿದ.

"ನಾಳಿ ಮುಂಡರಗಿ ಸಂತಿಗೆ ಆ ದಂಡಿಯಿಂದ ಮಂದಿ ಬರೋದೈತಿ. ಕಲ್ಲಿನ ಮ್ಯಾಲ ಯಾರು ನಿಂದ್ರತೀರಿ?"

ಫಕ್ಕೀರವ್ವ ತಲೆ ಎತ್ತಿ ಅಪ್ಪನನ್ನು ನೋಡಿದಳು. ಕೇಳಿದ್ದ. ಈ ಸಲ ಅವಳಿದ್ದಾಗ, ಅವಳನ್ನೂ ನೋಡಿ ಕೇಳಿದ್ದ.

"ಹಡಗಿನಾಗ ಒಬ್ರು ಅಲ್ಲಪ್ಪಾ, ಇಬ್ರು ಇರತಾರ" ಎಂದ ಗವಿಸಿದ್ದಪ್ಪ. "ಒಬ್ರು ಕಂಬದ ಮ್ಯಾಲ, ದೂರದ್ದು ನೋಡಾಕ. ಒಬ್ರು ಕೆಳಗ, ಹತ್ರದ್ದು ನೋಡಾಕ. ಹೇಳೋದು ಮಾತ್ರ ಒಬ್ರು."

"ಹೇಳಾವ್ರು ಯಾರು?" ಎಂದಳು ಅವ್ವ.

"ನಾ" ಎಂದಳು ಫಕ್ಕೀರವ್ವ.

ಅವ್ವ ಹುಬ್ಬು ಏರಿಸಿದಳು. "ಬಿಸಲಿಗೆ ಮುಖಾ..." ಎಂದು ಶುರುಮಾಡಿದವಳು ಗಂಡನ ಮುಖ ನೋಡಿ ಮಜ್ಜಿಗೆ ಬಡಿಸಲು ಎದ್ದಳು.

ಬೆಳಿಗ್ಗೆ ಹೊಳೆಯ ಮೇಲೆ ತೆಳ್ಳಗೆ ಮಂಜಿತ್ತು. ಕಲ್ಲು ಒಬ್ಬರಿಗೆ ನಿಲ್ಲುವಷ್ಟೇ ಅಗಲ. ಫಕ್ಕೀರವ್ವ ಅದರ ಮೇಲೆ ಹತ್ತಿ ನಿಂತಳು. ಅಣ್ಣ ಒಂದು ಆಳಿನಷ್ಟು ಕೆಳಗೆ, ನೀರಿನ ಅಂಚಿನ ಬಂಡೆಯ ಮೇಲೆ ನಿಂತ. ಅವನ ನೀಲಿ ಕೋಟಿನ ಬೆನ್ನನ್ನು ಮೇಲಿನಿಂದ ನೋಡುವುದು ಅವಳಿಗೆ ಹಿತವಾಗಿತ್ತು.

"ಫಕ್ಕಿ, ಅಲ್ಲಿ ನೋಡು, ಆ ಬುರುಗಿನ ಹಿಂದ. ನಮ್ಮ ಕಪ್ತಾನ ಒಂದ ಸಲ ಏನ..."

"ಮಾತಾಡಬ್ಯಾಡ. ನೀರು ನೋಡು" ಎಂದಳು ಅವಳು.

ಅವನು ಬಾಯಿ ಮುಚ್ಚಿದ. ಕೆಳಗೆ ಕಟ್ಟೆಯಲ್ಲಿ ಅಪ್ಪ ಹರಗೋಲಿನ ಪಕ್ಕ ಬಂದು ನಿಂತು, ತಯಾರಾಗಿದ್ದೇನೆ ಎಂದು ಅವರ ಕಡೆ ಕೈ ಎತ್ತಿದ. ಎತ್ತಿದ್ದು ತನಗೋ ಅಣ್ಣನಿಗೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಅಣ್ಣನ ತೋಳು ಏಳುತ್ತಿರುವುದನ್ನು ಕಂಡು, ಅದಕ್ಕೂ ಮೊದಲು ಫಕ್ಕೀರವ್ವ ತನ್ನ ಕೈಯನ್ನು ತಲೆಯ ಮೇಲೆ ಉದ್ದಕ್ಕೆ ಎತ್ತಿದಳು.